ಪದ ಬೇಕು: ರಬ್ಬರ್ ಪ್ರೆಸ್ಸಿನ ಫಲಕಕ್ಕೆ ‘ವಲ್ಕನೈಸೇಶನ್’

ರಬ್ಬರ್ ವಾಷರ್ ಒತ್ತುವ ಘಟಕವೊಂದರ ಸೂಚನಾ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ವಲ್ಕನೈಸೇಶನ್ (ರಬ್ಬರನ್ನು ಕಾಯಿಸಿ ಗಟ್ಟಿ ಮಾಡುವುದು), ಸ್ಕಾರ್ಚ್, ರಿವರ್ಷನ್, ಬ್ಲೂಮ್: ಈ ನಾಲ್ಕಕ್ಕೆ ಪದ ಬೇಕು. ಮಾಲು ಹೀಗಿದೆ: 100 ಭಾಗ ನೈಸರ್ಗಿಕ ರಬ್ಬರಿಗೆ ಗಂಧಕ 2.5, ಸತುವಿನ ಆಕ್ಸೈಡ್ 5, ಸ್ಟಿಯರಿಕ್ ಆಮ್ಲ 2, ವೇಗವರ್ಧಕ ಅರ್ಧ ಭಾಗ. ವಾಷರ್ ಒತ್ತುವ ಪ್ರೆಸ್ಸಿನ ಕಾವು 150 ಡಿಗ್ರಿ ಸೆಲ್ಸಿಯಸ್. ಯಂತ್ರದ ಮುಂದೆ ನಿಂತು ಓದುವ ಫಲಕ, ಪಠ್ಯಪುಸ್ತಕವಲ್ಲ.

---

> ವಲ್ಕನೈಸೇಶನ್

ಗಂಧಕೀಕರಣ. ಬೇರೆ ಹುಡುಕಾಟ ಬೇಡ. ರಬ್ಬರಿಗೆ ಗಂಧಕ ಕೂಡಿಸುವುದೆಂದು ಪದವೇ ಹೇಳುತ್ತದೆ. ಸ್ಕಾರ್ಚಿಗೆ ‘ದಹನ’ ಸಾಕು.

---

> ಗಂಧಕೀಕರಣ

ಒಪ್ಪಲಾರೆ. ಗಂಧಕ ಕೂಡಿಸುವ ಕೆಲಸ ಮಾಲು ಬೆರೆಸುವ ಮಿಲ್ಲಿನಲ್ಲೇ ಮುಗಿದಿರುತ್ತದೆ. ಆಗ ಮಾಲು ಇನ್ನೂ ಹಸಿ. ಎಳೆದರೆ ಹಿಗ್ಗಿ ಹಿಗ್ಗಿದಂತೆಯೇ ಉಳಿಯುತ್ತದೆ. ಕಾವು ಕೊಟ್ಟ ಮೇಲೆ ಎಂಟು ಪರಮಾಣುಗಳ ಗಂಧಕದ ಉಂಗುರ ಒಡೆದು, ರಬ್ಬರಿನ ಒಂದು ಸರಪಳಿಗೂ ಪಕ್ಕದ್ದಕ್ಕೂ ನಡುವೆ ಕೊಂಡಿ ಬೀಳುತ್ತದೆ. ಆ ಕೊಂಡಿಯೇ ಮುಖ್ಯ. ಸಿಲಿಕೋನ್ ರಬ್ಬರಿಗೆ ಪೆರಾಕ್ಸೈಡ್ ಸಾಕು, ನಿಯೋಪ್ರೀನಿಗೆ ಸತು ಮತ್ತು ಮೆಗ್ನೀಸಿಯಂ ಆಕ್ಸೈಡುಗಳು ಸಾಕು. ಗಂಧಕ ಬೇಕೇ ಇಲ್ಲ. ಅದೇ ಪ್ರೆಸ್ಸಿನಲ್ಲಿ ಸಿಲಿಕೋನ್ ವಾಷರ್ ಒತ್ತಿದ ದಿನ ನಿಮ್ಮ ಫಲಕ ಸುಳ್ಳಾಗುತ್ತದೆ.

‘ಹದ’ ಎನ್ನಿ. ಹದ ಬಾರದ್ದು, ಹದ ಬಂದದ್ದು, ಹದ ಮೀರಿದ್ದು: ಮೂರು ಸ್ಥಿತಿಗೂ ಒಂದೇ ಮಾತು ಸಾಲುತ್ತದೆ, ಬೆಲ್ಲದ ಪಾಕಕ್ಕೆ ಸಾಲುವ ಹಾಗೆ. ನಿಮ್ಮ ರಿವರ್ಷನ್ ಎಂದರೆ ಹದ ಮೀರುವುದೇ. ನೈಸರ್ಗಿಕ ರಬ್ಬರನ್ನು ಅತಿ ಕಾವಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಗಂಧಕದ ಉದ್ದ ಕೊಂಡಿಗಳು ಕಡಿದು ಮಾಲು ಮತ್ತೆ ಮೆತ್ತಗಾಗುತ್ತದೆ. ಗಂಧಕ ಇಳಿಸಿ ವೇಗವರ್ಧಕ ಏರಿಸಿದರೆ ಕೊಂಡಿಗಳು ಗಿಡ್ಡವಾಗಿ ಕಾವು ತಡೆಯುತ್ತವೆ. ಆದರೆ ಮತ್ತೆ ಮತ್ತೆ ಬಾಗುವ ಭಾಗಕ್ಕೆ ಅಂಥ ಮಾಲು ಆಗಿಬರುವುದಿಲ್ಲ, ಬೇಗ ಬಿರಿಯುತ್ತದೆ.

‘ದಹನ’ ಅಂತೂ ಬೇಡವೇ ಬೇಡ. ಸ್ಕಾರ್ಚ್ ಆದಾಗ ಏನೂ ಸುಡುವುದಿಲ್ಲ. ಅಚ್ಚಿಗೆ ಹೋಗುವ ಮೊದಲೇ ಕೊಂಡಿ ಬಿದ್ದು ಮಾಲು ಗಂಟುಗಂಟಾಗುತ್ತದೆ, ಅಚ್ಚಿನ ಮೂಲೆಗೆ ಹರಿಯುವುದಿಲ್ಲ. ದಹನ ಎಂದು ಓದಿದವನು ಹೊಗೆ ಹುಡುಕುತ್ತಾನೆ. ‘ಅಚ್ಚಿಗೆ ಮೊದಲೇ ಹದ ಬರುವುದು’ ಎಂದು ಬಿಡಿಸಿ ಬರೆಯಿರಿ. ಗಂಧಕ, ವೇಗವರ್ಧಕಗಳನ್ನು ಕೊನೆಗೆ, ಮಾಲು 100 ಡಿಗ್ರಿಗಿಂತ ಕೆಳಗಿರುವಾಗ ಹಾಕಬೇಕೆಂಬ ಸಾಲೂ ಪಕ್ಕದಲ್ಲಿರಲಿ.

---

> ‘ಹದ’ ಎನ್ನಿ

ಕಚ್ಚಾ ರಬ್ಬರನ್ನು ಮಿಲ್ಲಿನಲ್ಲಿ ಅರೆದು ಮೆತ್ತಗೆ ಮಾಡುವುದೂ ಹದ ಮಾಡುವುದೇ ತಾನೆ? ಮೆತ್ತಗಾಗುವುದಕ್ಕೂ ಹದ, ಗಟ್ಟಿಯಾಗುವುದಕ್ಕೂ ಹದ. ಗೊಂದಲ.

ಗಂಧಕವನ್ನು ಅಷ್ಟು ಸುಲಭವಾಗಿ ಕೈಬಿಡಬೇಡಿ. ಅದಕ್ಕೆ ಸಂಸ್ಕೃತದಲ್ಲಿ ಶುಲ್ವಾರಿ ಎಂಬ ಹೆಸರೂ ಇದೆ. ಶುಲ್ವ ಎಂದರೆ ತಾಮ್ರ, ತಾಮ್ರದ ಅರಿ, ಅಂದರೆ ಶತ್ರು. ಸಲ್ಫರ್ ಹುಟ್ಟಿದ್ದೇ ಅಲ್ಲಿಂದ. ಹೀಗಿರುವಾಗ ರೋಮನ್ನರ ಬೆಂಕಿದೇವರು ವಲ್ಕನ್ ನಮ್ಮ ಗೋಡೆಗೇಕೆ?

---

> ಸಲ್ಫರ್ ಹುಟ್ಟಿದ್ದೇ ಅಲ್ಲಿಂದ

ಆಧಾರವಿಲ್ಲ. ನಾದ ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿಯಾಗದು. ತಾಮ್ರದ ಅರಿ ಎಂಬ ಮಾತು ಮಾತ್ರ ದಿಟ: ಗಂಧಕ ತಾಕಿದರೆ ತಾಮ್ರ ಕಪ್ಪಿಡುತ್ತದೆ. ಟೈರಿನೊಳಗಿನ ಉಕ್ಕಿನ ತಂತಿಗೆ ಹಿತ್ತಾಳೆ ಲೇಪಿಸುವುದು ಇದೇ ಗುಣವನ್ನು ದುಡಿಸಿಕೊಳ್ಳಲು. ಹಿತ್ತಾಳೆಯ ತಾಮ್ರವೂ ರಬ್ಬರಿನ ಗಂಧಕವೂ ಕೂಡಿ ಆಗುವ ತೆಳು ಪದರವೇ ತಂತಿಯನ್ನು ರಬ್ಬರಿಗೆ ಬಿಗಿಯುತ್ತದೆ.

ಮಿಲ್ಲಿನ ಕೆಲಸಕ್ಕೆ ‘ನಾದುವುದು’ ಇದೆ. ಗೊಂದಲ ಎಲ್ಲಿದೆ?

---

> ವಲ್ಕನ್ ನಮ್ಮ ಗೋಡೆಗೇಕೆ

ರಬ್ಬರ್ ಎಂಬುದೂ ಇಂಗ್ಲಿಷೇ. ಪೆನ್ಸಿಲ್ ಗೆರೆ ಉಜ್ಜಿ ಅಳಿಸುವ ವಸ್ತುವೆಂದು ಬಂದ ಹೆಸರು. ಅದು ಸಲ್ಲುವುದಾದರೆ ಇದೂ ಸಲ್ಲುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಗಟ್ಟಿಯಾಗುತ್ತದೆಂದು 1839ರಲ್ಲಿ ಕಂಡವನು ಅಮೆರಿಕದ ಗುಡ್‌ಇಯರ್. 1843ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಹಾಕಿದವನು ಹ್ಯಾನ್‌ಕಾಕ್. ಹೆಸರು ಕೊಟ್ಟದ್ದು ಹ್ಯಾನ್‌ಕಾಕನ ಗೆಳೆಯ ಬ್ರಾಕಡನ್, ಅದೂ ರೋಮನ್ ಪುರಾಣದಿಂದ ತಂದು. ಇಂಗ್ಲಿಷಿಗೇ ಎರವಲಾದ ಪದಕ್ಕೆ ನಾವೇಕೆ ಬೆಚ್ಚಬೇಕು? ಪಂಚರ್ ಅಂಗಡಿಗಳ ಬೋರ್ಡಿನಲ್ಲಿ ‘ವಲ್ಕನೈಸಿಂಗ್’ ಎಂದು ಕನ್ನಡ ಅಕ್ಷರದಲ್ಲೇ ಬರೆದಿರುತ್ತಾರೆ; ಟ್ಯೂಬು ಹಿಡಿದು ಬಂದವರು ಅರ್ಥ ಕೇಳುವುದಿಲ್ಲ. ‘ಈಕರಣ’ ಅಂಟಿಸಿದರೆ ಪದ ಕನ್ನಡವಾಗುವುದಿಲ್ಲ, ಇನ್ನೊಂದು ಕಡೆಯ ಎರವಲಾಗುತ್ತದೆ ಅಷ್ಟೆ.

---

> ಇನ್ನೊಂದು ಕಡೆಯ ಎರವಲು

ಸಾವಿರ ವರ್ಷ ಬಾಳಿದ ಪದಗಳನ್ನು ನಿನ್ನೆ ಬಂದವುಗಳ ಜೊತೆ ತೂಗುವುದು ಹಟ. ನಾನು ಇನ್ನು ಬರೆಯುವುದಿಲ್ಲ.

---

ಬ್ಲೂಮ್ ಹಾಗೇ ಉಳಿದಿದೆ, ನಾಳೆ ಮುದ್ರಣ. ‘ಅರಳು’ ಬೇಡ. ‘ಬೂಷ್ಟು’ ಕೂಡ ಬೇಡ. ತೇವ ಹಿಡಿದಿದೆ ಎಂದುಕೊಂಡು ರಬ್ಬರ್ ಹಾಳೆಯನ್ನು ಒಣಗಲು ಇಟ್ಟುಬಿಡುತ್ತಾರೆ. ಬಿಸಿಯಲ್ಲಿ ಕರಗಿದ್ದ ಗಂಧಕ, ಮಾಲು ಆರಿದ ಮೇಲೆ ಒಳಗೆ ಹಿಡಿಸದೆ ಮೇಲ್ಮೈಗೆ ಬಂದು ಪುಡಿಯಾಗಿ ಕೂರುತ್ತದೆ. ಹಸಿ ಹಾಳೆಯಲ್ಲಿ ಹೀಗಾದರೆ ಪದರಕ್ಕೆ ಪದರ ಅಂಟುವುದಿಲ್ಲ. ಟೈರಿನಂತೆ ಪದರ ಕಟ್ಟುವ ಮಾಲಿಗೆ ರಬ್ಬರಿನಲ್ಲಿ ಕರಗದ ಬಗೆಯ ಗಂಧಕವನ್ನೇ ಬಳಸುವುದು ಇದಕ್ಕಾಗಿ. ಬೆರೆಸುವಾಗ ಕಾವು ಏರಿದರೆ ಅದೂ ಮಾಮೂಲಿ ಗಂಧಕವಾಗಿಬಿಡುತ್ತದೆ. ‘ಗಂಧಕ ಹೊಮ್ಮುವುದು’ ಎನ್ನಿ.

ತಲೆಬರಹದಲ್ಲಿ ವಲ್ಕನೈಸಿಂಗ್ ಇರಲಿ, ಒಳಗಿನ ಸಾಲುಗಳಲ್ಲಿ ಹದ. ಕೊನೆಯ ಸಾಲು: ‘ಗಂಧಕ ಹೊಮ್ಮಿದ ಹಸಿ ಹಾಳೆಯನ್ನು ಅಚ್ಚಿಗೆ ಹಾಕಬೇಡಿ, ಮತ್ತೆ ಮಿಲ್ಲಿಗೆ ಕೊಡಿ.’