ಸಹಾಯ ಬೇಕು: ನವಿಲು ಮ್ಯಾಂಟಿಸ್ ಸೀಗಡಿಯನ್ನು ಎಲ್ಲಿ ನೋಡಬಹುದು?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದವಳು. ಕಳೆದ ವರ್ಷ ಡೈವಿಂಗ್ ಕಲಿತೆ. ಅಂದಿನಿಂದ ಒಂದೇ ಆಸೆ: ನವಿಲು ಮ್ಯಾಂಟಿಸ್ ಸೀಗಡಿಯನ್ನು ಅದರ ಬಿಲದ ಬಾಯಲ್ಲೇ ಕಣ್ಣಾರೆ ನೋಡಬೇಕು. ಗೇಣುದ್ದದ ಜೀವಿ, ಆದರೆ ಗದೆಯಂತಹ ಮುಂಗಾಲಿನಿಂದ ಸೆಕೆಂಡಿಗೆ ಸುಮಾರು 23 ಮೀಟರ್ ವೇಗದಲ್ಲಿ ಗುದ್ದಿ ಶಂಖದ ಹುಳುವಿನ ಗಟ್ಟಿ ಚಿಪ್ಪನ್ನೇ ಒಡೆಯುತ್ತದೆ! ಎರಡು ಕಣ್ಣುಗಳೂ ಒಂದರ ಹಂಗಿಲ್ಲದೆ ಇನ್ನೊಂದು ಹೊರಳುತ್ತವೆ.

ಇಂಡೊನೇಷ್ಯಾದ ಲೆಂಬೆ ಜಲಸಂಧಿ ಇದಕ್ಕೆ ಹೆಸರುವಾಸಿ. ಅಷ್ಟು ದೂರದ ಖರ್ಚು ಈಗ ನನ್ನಿಂದಾಗದು. ಅಂಡಮಾನಿನಲ್ಲಿ, ಅಥವಾ ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಯಾರಾದರೂ ಕಂಡಿದ್ದೀರಾ? ಯಾವ ತಿಂಗಳು, ಎಷ್ಟು ಆಳ, ಹವಳದ ಚೂರುಗಳ ನಡುವೆಯೋ ಮರಳಿನಲ್ಲೋ? ಬಿಲ ಕೆದಕಿ ತೋರಿಸುವ ಮಾರ್ಗದರ್ಶಕರು ಮಾತ್ರ ಬೇಡ. ಅದು ತಾನಾಗಿ ಇಣುಕುವವರೆಗೆ ಕಾಯುತ್ತೇನೆ. ದಯವಿಟ್ಟು ತಿಳಿಸಿ.