ಅಪ್‌ಡೇಟ್: ಅಮೆರಿಕ ವರ್ಗಾವಣಿ ಒಪ್ಕೊಂಡೆ, ಎಲ್-1ಬಿ ವೀಸಾ ಬಂತು

ನಮ್ಮ ಕಂಪನಿಯವರು ಅಮೆರಿಕದ ಆಫೀಸಿಗೆ ಕಳಸ್ತೀವಿ ಅಂತಾರ, ಎಲ್-1ಬಿ (ಅದೇ ಕಂಪನಿಯ ಅಮೆರಿಕ ಆಫೀಸಿಗೆ ವರ್ಗಾವಣಿ ಆಗೋರಿಗೆ ಕೊಡೋ ವೀಸಾ) ಒಪ್ಕೊಳ್ಳೋದೋ, ಎಚ್-1ಬಿ ಅನ್ನೋ ಕೆಲಸದ ವೀಸಾದ ಲಾಟರಿಗೆ ಕಾಯೋದೋ ಅಂತ ಹುಬ್ಬಳ್ಳಿಯಿಂದ ಕೇಳಿದ್ದೆ. ಎಲ್-1ಬಿ ಒಪ್ಕೊಂಡೆ. ವೀಸಾ ಬಂದೈತಿ. ಉತ್ತರ ಕೊಟ್ಟ ಎಲ್ಲಾರಿಗೂ ಶರಣು.

ಇದಕ್ಕ ಲಾಟರಿ ಇಲ್ಲ. ಹಿಂದಿನ 3 ವರ್ಷದಾಗ ಸತತ 1 ವರ್ಷ ಅಮೆರಿಕದ ಹೊರಗ ಅದೇ ಕಂಪನಿಯೊಳಗ ದುಡಿದಿರಬೇಕು. ಅದು ನನಗ ಇತ್ತು. ಇಂಟರ್‌ವ್ಯೂದಾಗ ಕೇಳಿದ್ದೆಲ್ಲಾ ಕೆಲಸದ ಬಗ್ಗೆನ: ನಮ್ಮ ಕಂಪನಿ ಸಾಫ್ಟ್‌ವೇರ್ ಬಗ್ಗೆ ನನಗಷ್ಟ ಗೊತ್ತಿರೋದು ಏನು, ಅಲ್ಲಿಯವರಿಗೆ ಯಾಕ ಬರಂಗಿಲ್ಲ? ಮ್ಯಾನೇಜರ್ ಬರೆದುಕೊಟ್ಟ ಪತ್ರ ಸರಿಯಾಗಿ ಓದ್ಕೊಂಡು ಹೋಗ್ರಿ, ಅದರಾಗಿಂದನ ಪ್ರಶ್ನೆ ಬರ್ತಾವ.

ನನಗ ಖರೇ ಚಿಂತಿ ಇದ್ದದ್ದು ಹೆಂಡತಿದು. ಧಾರವಾಡದಾಗ ಅಕೌಂಟ್ಸ್ ಕೆಲಸ ಬಿಟ್ಟು ಬಂದು ಅಕಿ ಮನ್ಯಾಗ ಕೂಡಬೇಕಾ? ಬೇಕಿಲ್ಲ. 2021ರ ನವೆಂಬರ್‌ನಿಂದ ಎಲ್-2 (ಎಲ್-1 ಇದ್ದವರ ಮನಿಯವರಿಗೆ ಕೊಡೋ ವೀಸಾ) ಸಂಗಾತಿಗೆ ಬ್ಯಾರೆ ವರ್ಕ್ ಪರ್ಮಿಟ್ ಬೇಕಾಗಂಗಿಲ್ಲ, ಐ-94 ಅನ್ನೋ ಅಮೆರಿಕ ಪ್ರವೇಶದ ದಾಖಲೆಯಾಗ ‘ಎಲ್-2ಎಸ್’ ಅಂತ ಇದ್ರ ಸಾಕು. ಅಲ್ಲಿ ಇಳಿದ ಮ್ಯಾಲೆ ಮೊದಲು ಅದನ್ನ ನೋಡ್ಕೋರಿ.

ಆದ್ರ ಎಲ್-1ಬಿ ಮ್ಯಾಲೆ ಬ್ಯಾರೆ ಕಂಪನಿಗೆ ಹಾರಾಕ ಬರಂಗಿಲ್ಲ, ಒಟ್ಟು 5 ವರ್ಷ ಅಷ್ಟ. ಅದಕ್ಕ ಸಹಿ ಹಾಕೋ ಮೊದಲು, ವಾಪಸ್ ಬಂದ್ರ ಇಲ್ಲಿ ಇದೇ ಹುದ್ದೆ ಅಂತ ಎಚ್‌ಆರ್ ಕಡೆಯಿಂದ ಬರೆಸ್ಕೊಂಡೀನಿ. ಅಪ್ಪ-ಅವ್ವನ ಜೋಡಿ ಇರಾಕ ಗದಗಿಂದ ಅಕ್ಕ ಬರ್ತಾಳ.