ಲಾಯದ ಪಕ್ಕದ ಮರದಲ್ಲಿ ಬಾವಲಿಗಳಿವೆ: ಕುದುರೆಗೆ ಹೆಂಡ್ರಾ ವೈರಸ್ ತಗುಲಬಹುದೇ?

ಪ್ರಶ್ನೆ (ಭಾಲ್ಕಿಯಿಂದ):
ನಮಸ್ಕಾರ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲೆಂದು ಎರಡು ಹೆಣ್ಣು ಕುದುರೆಗಳನ್ನು ಸಾಕಿದ್ದೇನೆ. ಲಾಯದ ಪಕ್ಕದ ಆಲದ ಮರದಲ್ಲಿ ನೂರಾರು ಬಾವಲಿಗಳು ಜೋತುಬಿದ್ದಿರುತ್ತವೆ. ಬೆಳಿಗ್ಗೆ ನೋಡಿದರೆ ನೀರಿನ ತೊಟ್ಟಿಯಲ್ಲಿ ಅರ್ಧ ಕಚ್ಚಿದ ಹಣ್ಣುಗಳು ತೇಲುತ್ತಿರುತ್ತವೆ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬರುವ ಹೆಂಡ್ರಾ ವೈರಸ್ ಬಗ್ಗೆ ಕೇಳಿದಾಗಿನಿಂದ ಮನೆಯವರು ಮರ ಕಡಿಸು ಎನ್ನುತ್ತಿದ್ದಾರೆ. ನನ್ನ ಹತ್ತು ವರ್ಷದ ಮಗ ದಿನವೂ ಕುದುರೆಗಳಿಗೆ ಅಂಗೈಯಿಂದಲೇ ಕಡಲೆ ತಿನ್ನಿಸುತ್ತಾನೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಪಶುವೈದ್ಯ, ಬೀದರ್):
ದಯವಿಟ್ಟು ಮರ ಕಡಿಸಬೇಡಿ. ಹೆಂಡ್ರಾ ಈವರೆಗೆ ಕಾಣಿಸಿಕೊಂಡಿರುವುದು ಆಸ್ಟ್ರೇಲಿಯಾದಲ್ಲಿ ಮಾತ್ರ. 1994ರಲ್ಲಿ ಬ್ರಿಸ್ಬೇನ್ ನಗರದ ಹೆಂಡ್ರಾ ಬಡಾವಣೆಯ ರೇಸ್ ಕುದುರೆಗಳ ಲಾಯದಲ್ಲಿ ಅದು ಮೊದಲು ಪತ್ತೆಯಾಯಿತು. ಮೇವು ಬಿಟ್ಟಿದ್ದ ಗಬ್ಬದ ಕುದುರೆಯೊಂದಕ್ಕೆ ತರಬೇತುದಾರರು ಕೈಯಾರೆ ತಿನ್ನಿಸಲು ಯತ್ನಿಸಿದರು. ಕೆಲವೇ ದಿನಗಳಲ್ಲಿ ಅವರೂ ಲಾಯದ ಕೆಲಸಗಾರರೊಬ್ಬರೂ ಹಾಸಿಗೆ ಹಿಡಿದರು, ತರಬೇತುದಾರರು ಉಳಿಯಲಿಲ್ಲ. ಅಂದಿನಿಂದ ಈವರೆಗೆ ಒಟ್ಟು ಸೋಂಕು ತಗುಲಿದ್ದು ಏಳು ಮಂದಿಗೆ, ತೀರಿಕೊಂಡವರು ನಾಲ್ವರು. ಆ ಏಳೂ ಮಂದಿಗೆ ರೋಗ ಬಂದದ್ದು ಬಾವಲಿಯಿಂದಲ್ಲ, ಕಾಯಿಲೆ ಬಿದ್ದ ಅಥವಾ ಸತ್ತ ಕುದುರೆಯ ಜೊಲ್ಲು, ಸಿಂಬಳ, ರಕ್ತ ಇಂಥವುಗಳ ಸಂಪರ್ಕದಿಂದ. ಅಲ್ಲಿ 2012ರಿಂದ ಕುದುರೆಗಳಿಗೆ ಲಸಿಕೆಯಿದೆ.

ಹೆಂಡ್ರಾದ ದಾಯಾದಿಯಾದ ನಿಪಾ ವೈರಸ್ ಮಾತ್ರ ನಮ್ಮ ದೇಶದ ಹಣ್ಣುಬಾವಲಿಗಳಲ್ಲಿದೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ಅದು ಜನರ ಜೀವ ತೆಗೆದದ್ದು ನೆನಪಿರಬಹುದು. 2014ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಕುದುರೆಗಳನ್ನು ಕೊಯ್ದವರಿಗೂ ತಿಂದವರಿಗೂ ಇದೇ ಬಗೆಯ ಸೋಂಕು ತಗುಲಿತ್ತು. ಆದ್ದರಿಂದ ತೊಟ್ಟಿಯನ್ನೂ ಗೋದಲಿಯನ್ನೂ ಮರದಿಂದ ದೂರ, ಸೂರಿನ ಕೆಳಗೆ ಇಟ್ಟು, ನೀರನ್ನು ದಿನವೂ ಚೆಲ್ಲಿ ಬದಲಿಸಿ. ಮರ ಕಡಿದರೆ ಬಾವಲಿಗಳು ಇನ್ನೊಬ್ಬರ ಅಂಗಳಕ್ಕೆ ಹೋಗುತ್ತವೆ, ಅಷ್ಟೇ. ಆಸ್ಟ್ರೇಲಿಯಾದಲ್ಲಿಯೂ ಕಾಡು ಕರಗಿ ಬಾವಲಿಗಳು ಊರಿನತ್ತ ಬಂದ ಮೇಲೆಯೇ ಕುದುರೆಗಳಿಗೆ ಅಪಾಯ ಹೆಚ್ಚಿತು.

ಉತ್ತರ 2 (ಕಲಬುರಗಿಯಿಂದ):
ಡಾಕ್ಟರ್ ಸಾಹೇಬರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ಕಾಕಾ ಅವರ ಟಾಂಗಾ ಕುದುರೆ ಒಮ್ಮೆ ನುಂಗಲಾರದೆ ಜೊಲ್ಲು ಸುರಿಸತೊಡಗಿತು. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಕಾಕಾ ಬರಿಗೈಯನ್ನು ಮೊಣಕೈವರೆಗೆ ಬಾಯೊಳಗೆ ಹಾಕಿ ನೋಡಿದರು, ಹಲ್ಲು ತಾಗಿ ಚರ್ಮ ಗೀರಿತು. ಮೂರನೆಯ ದಿನ ಕುದುರೆ ಸತ್ತಿತು. ಅದಕ್ಕೆ ಹುಚ್ಚುನಾಯಿ ಕಚ್ಚಿತ್ತೆಂದು ಆಮೇಲೆ ತಿಳಿಯಿತು. ಕಾಕಾ ರೇಬಿಸ್ ಚುಚ್ಚುಮದ್ದು ತೆಗೆದುಕೊಂಡು ಬದುಕಿದರು. ಅಣ್ಣ, ಕುದುರೆ ಚೆನ್ನಾಗಿರುವಾಗ ಮಗ ಕಡಲೆ ತಿನ್ನಿಸಿ ಕೈ ತೊಳೆದುಕೊಳ್ಳಲಿ. ಅದು ಮೇವು ಬಿಟ್ಟ ದಿನ ಅವನನ್ನು ಲಾಯದ ಹತ್ತಿರ ಬಿಡಬೇಡಿ.

ಉತ್ತರ 3 (ಪಶುವೈದ್ಯ, ಬೀದರ್):
ಇದು ಬಹಳ ಮುಖ್ಯವಾದ ಮಾತು. ನಮ್ಮ ಕಡೆ ಹೆಂಡ್ರಾಕ್ಕಿಂತ ಮೊದಲು ಯೋಚಿಸಬೇಕಾದದ್ದು ರೇಬಿಸ್ ಮತ್ತು ಗ್ಲ್ಯಾಂಡರ್ಸ್. ಗ್ಲ್ಯಾಂಡರ್ಸ್ ವೈರಸ್ ಅಲ್ಲ, ಬ್ಯಾಕ್ಟೀರಿಯಾದಿಂದ ಬರುವ ರೋಗ. ಮೂಗಿನಿಂದ ಕೀವಿನಂಥ ಅಂಟು ಸಿಂಬಳ, ಚರ್ಮದ ಮೇಲೆ ಗಂಟು ಹುಣ್ಣುಗಳು ಕಂಡರೆ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ರಕ್ತದ ಮಾದರಿ ತೆಗೆಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೊಟ್ಟಿಯನ್ನು ಇಂದೇ ತಗಡಿನ ಸೂರಿನ ಕೆಳಗೆ ಸರಿಸಿದೆವು. ದೊಡ್ಡ ಕುದುರೆಯ ಮೂಗಿನಲ್ಲಿ ಎರಡು ದಿನದಿಂದ ತೆಳುವಾದ ನೀರು ಸುರಿಯುತ್ತಿದೆ. ನಾಳೆ ಬೆಳಿಗ್ಗೆಯೇ ವೈದ್ಯರನ್ನು ಕರೆಸುತ್ತೇನೆ, ಅಲ್ಲಿಯವರೆಗೆ ಅದನ್ನು ಬೇರೆ ಕಟ್ಟಿದ್ದೇನೆ.